ಖರಾಬು ಎಂಬ ಬೈಗುಳ

ಹುಲ್ಲಿನ ಶಾಸ್ತ್ರ ಓದಲು ಹೊರಟ ಮಕ್ಕಳ ದಾರಿ ಯಾವುದು? ದಾರಿ ಗುಟ್ಟಿನದೇನಲ್ಲ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ವನ್ಯಜೀವಿ ಎಂ.ಎಸ್ಸಿ. ಇದೆ, ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯಲ್ಲಿ ಪಿಎಚ್‌.ಡಿ. ಇದೆ. ಆಮೇಲೆ ಮೀಟರ್ ಅಗಲದ ಚೌಕಟ್ಟು, ಕುಡುಗೋಲು, ಕಾಗದದ ಚೀಲ. ಚೌಕದೊಳಗಿನ ಹುಲ್ಲನ್ನು ಬುಡಕ್ಕೆ ಕೊಯ್ದು, ಒಣಗಿಸಿ, ತೂಗುವುದು. ನೋಡಿದವರು ‘ಮನೇಲಿ ದನ ಎಷ್ಟವೆ?’ ಅಂತಲೇ ಕೇಳುವುದು.

ಆದರೆ ಆ ಹುಡುಗರು ನಮ್ಮ ಚಿಂತಾಮಣಿ ಕಡೆಯ ಮುರುಗಮಲ್ಲಕ್ಕೆ ಬಂದರೆ ಹುಲ್ಲಿಗಿಂತ ಮೊದಲು ಜಮೀನಿನ ದಾಖಲೆಯಾದ ಪಹಣಿ ಎದುರಾಗುತ್ತದೆ. ದರ್ಗಾದ ಜನಜಂಗುಳಿ ದಾಟಿ ಈ ಸೀಮೆಯ ಯಾವ ಬಂಡೆಗುಡ್ಡದ ಕಡೆ ನಡೆದರೂ ಅಲ್ಲೊಂದು ತುಗ್ಗಲಿ ಮರ, ಇಲ್ಲೊಂದು ಜಾಲಿ, ನಡುವೆಲ್ಲ ಹುಲ್ಲು. ವಿಜ್ಞಾನಿಗೆ ಅದು ಸವನ್ನಾ, ಕುರಿಯವನಿಗೆ ಬಯಲು, ಪಹಣಿಗೆ ಖರಾಬು. ಉಳುಮೆಗೆ ಒದಗದ್ದು, ಕಂದಾಯ ಹುಟ್ಟದ್ದು ಅಂತ ಅಷ್ಟೇ ಅದರರ್ಥ. ಆ ಬೈಗುಳವನ್ನು ನಮ್ಮ ಸಸಿ ನೆಡುವ ಪಡೆ ಅಕ್ಷರಶಃ ನಂಬಿಬಿಟ್ಟಿತು.

ರಾಣೆಬೆನ್ನೂರನ್ನೇ ನೋಡಿ. 1974ರಲ್ಲಿ ಕೃಷ್ಣಮೃಗಕ್ಕೆಂದು 119 ಚದರ ಕಿ.ಮೀ. ಅಭಯಾರಣ್ಯ. ಬಯಲಲ್ಲಿ ಓಡಿ ಬದುಕುವ ಪ್ರಾಣಿಯ ಸುತ್ತ ನೀಲಗಿರಿ ತೋಪು! ನೆರಳು ಬಿದ್ದ ಕಡೆ ಈ ಹುಲ್ಲುಗಳು ಸಾಯುತ್ತವೆ. ಅವಕ್ಕೆ ಬಿಸಿಲೇ ಅನ್ನ. ಈಚೆಗೆ ಬೀಜದುಂಡೆ ಎಸೆಯುವ ಹೊಸ ಭಕ್ತರು ಬೇರೆ.

ಇಂಥವರ ಮುಂದೆ ನಾನು ಬಿಚ್ಚುವುದು ಒಂದೇ ಶಾಸ್ತ್ರ: ಈಗ ಎನ್‌ಸಿಬಿಎಸ್‌ನಲ್ಲಿರುವ ಮಹೇಶ್ ಶಂಕರನ್ ಮತ್ತು ಸಂಗಡಿಗರು 2005ರಲ್ಲಿ ‘ನೇಚರ್’ನಲ್ಲಿ ಬರೆದದ್ದು. ಆಫ್ರಿಕಾದ 854 ತಾಣಗಳ ಲೆಕ್ಕ. ವರ್ಷಕ್ಕೆ ಸುಮಾರು 650 ಮಿ.ಮೀ.ಗಿಂತ ಕಡಿಮೆ ಮಳೆ ಬೀಳುವಲ್ಲಿ ನೀರೇ ಮರಗಳನ್ನು ಒತ್ತಾಗಿ ಬೆಳೆಯಗೊಡುವುದಿಲ್ಲ. ಅದಕ್ಕಿಂತ ಹೆಚ್ಚಾದಲ್ಲಿ ಬೆಂಕಿಯೋ ಮೇಯುವ ಬಾಯಿಯೋ ತಡೆಯದಿದ್ದರೆ ಮರ ಗೆಲ್ಲುತ್ತದೆ. ನಮ್ಮ ಚಿಂತಾಮಣಿ ಸೀಮೆಯ ಮಳೆ ಆ ಗೆರೆಯ ಆಸುಪಾಸಿನದೇ. ಅಂದಮೇಲೆ ಇಲ್ಲಿ ಕುರಿ ಹಟ್ಟಿಯವನೂ ಪರಿಸರದ ಒಂದು ಶಕ್ತಿ; ಅವನನ್ನು ಓಡಿಸಿ ಬೇಲಿ ಹಾಕುವವರು ಏನನ್ನು ಕಾಯುತ್ತಿದ್ದಾರೋ! ಆಫ್ರಿಕಾದ ಗೆರೆ ಇಲ್ಲಿಗೆ ಹಾಗೇ ಒಪ್ಪುತ್ತದೆಯೇ? ಯಾರಾದರೂ ಹುಡುಗಿ ಚೌಕಟ್ಟು ಹಿಡಿದು ಬಂದು ನಾಲ್ಕು ಮಳೆಗಾಲ ಇಲ್ಲೇ ಕೂತು ಅಳೆಯಲಿ.

ಅಲ್ಲಿಯವರೆಗೆ ಒಂದು ವಿನಂತಿ. ಜೂನ್ 5ರ ಪರಿಸರ ದಿನ ಬಂತೆಂದು ಗೋಮಾಳದಲ್ಲಿ ಗುಂಡಿ ತೋಡಬೇಡಿ. ಸಸಿ ಇದ್ದರೆ ರಸ್ತೆ ಬದಿಗೆ, ಶಾಲೆ ಅಂಗಳಕ್ಕೆ ನೆಡಿ.