ಗಂಟೆಯ ಲೆಕ್ಕ, ಕಲಿಕೆಯ ಲೆಕ್ಕ: ನಲಿ-ಕಲಿ ಪದ್ಧತಿಯ ವಿಮರ್ಶೆ

ನಲಿ-ಕಲಿ ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳ ಒಂದರಿಂದ ಮೂರನೇ ತರಗತಿಯ ಮಕ್ಕಳಿಗಾಗಿ ರೂಪುಗೊಂಡ ಬೋಧನಾ ಪದ್ಧತಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನೊಂದಿಗೆ ಇದು ಆರಂಭವಾಯಿತು. ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಶಿಕ್ಷಕರೇ ಅಲ್ಲಿನ ಕಲಿಕಾ ಕಾರ್ಡುಗಳ ಕ್ರಮವನ್ನು ಕನ್ನಡಕ್ಕೆ ಒಗ್ಗಿಸಿದರು. 2009-10ರ ಹೊತ್ತಿಗೆ ಅದು ರಾಜ್ಯದ ಉದ್ದಗಲಕ್ಕೂ ಹರಡಿತು.

ಪಾಠಪುಸ್ತಕದ ಜಾಗದಲ್ಲಿ ಇಲ್ಲಿರುವುದು ಕಲಿಕಾ ಏಣಿ. ಕಲಿಯಬೇಕಾದುದನ್ನೆಲ್ಲ ಮೈಲಿಗಲ್ಲುಗಳಾಗಿ, ಮೈಲಿಗಲ್ಲನ್ನು ಸಣ್ಣ ಮೆಟ್ಟಿಲುಗಳಾಗಿ ವಿಂಗಡಿಸಲಾಗಿದೆ. ಅಕ್ಷರಗಳು ಕೂಡ ವರ್ಣಮಾಲೆಯ ಸಾಲನ್ನು ಬಿಟ್ಟು ರ, ಗ, ಸ, ದ, ಅ ಎಂದು ಶುರುವಾಗುತ್ತವೆ. ಬರೆಯಲು ಸುಲಭವಾದ, ಕೂಡಿಸಿದರೆ ಕೂಡಲೇ ಪದವಾಗುವ ಅಕ್ಷರಗಳಿವು. ಐದೇ ಅಕ್ಷರ ಕಲಿತ ಮಗು ‘ಅರಸ’ ಎಂದು ಓದಬಲ್ಲದು. ಒಂದು ಮೆಟ್ಟಿಲು ಗಟ್ಟಿಯಾದ ಮೇಲೆಯೇ ಮುಂದಿನದು. ಎಷ್ಟು ದಿನ ಹಿಡಿಯಿತು ಎಂದು ಯಾರೂ ಕೇಳುವುದಿಲ್ಲ.

ಈ ಪದ್ಧತಿಯ ದೊಡ್ಡ ಗುಣ ಇದೇ. ಕಬ್ಬು ಕಡಿಯಲೋ ಇಟ್ಟಿಗೆ ಗೂಡಿನ ಕೆಲಸಕ್ಕೋ ಗುಳೆ ಹೋದ ಮನೆಯ ಮಗು ತಿಂಗಳುಗಟ್ಟಲೆ ಶಾಲೆ ತಪ್ಪಿಸಿಕೊಳ್ಳುತ್ತದೆ. ಸಾಮಾನ್ಯ ತರಗತಿಯಲ್ಲಿ ಅಷ್ಟರೊಳಗೆ ಪಾಠ ಮುಂದೆ ಹೋಗಿರುತ್ತದೆ. ತಿರುಗಿ ಬಂದ ಮಗುವಿಗೆ ಏನೂ ಅರ್ಥವಾಗದು. ನಲಿ-ಕಲಿಯಲ್ಲಿ ಅದು ಬಿಟ್ಟ ಮೆಟ್ಟಿಲಿನಿಂದಲೇ ಏರತೊಡಗುತ್ತದೆ. ಬಡವರ ಮಕ್ಕಳಿಗೆ ನಮ್ಮ ಶಾಲಾ ವ್ಯವಸ್ಥೆ ತೋರಿದ ನಿಜವಾದ ಕಾಳಜಿಗಳಲ್ಲಿ ಇದೂ ಒಂದು.

ಆದರೆ ಸುತ್ತಲಿನ ಆಡಳಿತ ಎಣಿಸುವುದು ಸಮಯವನ್ನೇ. 2009ರ ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆಗಳ ಬೋಧನೆಯನ್ನು ನಿಗದಿ ಮಾಡಿದೆ. ಬೀಗ ತೆರೆಯದ ಶಾಲೆಯಲ್ಲಿ ಕಲಿಕೆಯ ಮಾತೇ ಬರುವುದಿಲ್ಲವಾದ್ದರಿಂದ ಆ ಅಂಕಿಗಳು ಬೇಕು. ತೊಡಕು ಎದುರಾಗುವುದು ಶಿಕ್ಷಕರ ಕೆಲಸವನ್ನು ಅಳೆಯುವಾಗ. ತಪಾಸಣೆಗೆ ಬಂದವರು ‘ಈ ತಿಂಗಳು ಎಷ್ಟು ಪಾಠ ಮುಗಿಯಿತು’ ಎಂದು ಕೇಳಿದರೆ, ಮೂವತ್ತು ಮಕ್ಕಳು ಬೇರೆ ಬೇರೆ ಮೆಟ್ಟಿಲಲ್ಲಿರುವ ಕೋಣೆಯಲ್ಲಿ ಅದಕ್ಕೆ ಒಂದೇ ಉತ್ತರ ಇರುವುದಿಲ್ಲ.

ಹಾಗೆಂದು ಫಲಿತಾಂಶಕ್ಕೆ ಹಣ ಕಟ್ಟುವುದು ಪರಿಹಾರವಾಗದು. ಇಂಗ್ಲೆಂಡ್ 1862ರಲ್ಲಿ ಅದನ್ನು ಮಾಡಿ ನೋಡಿತು. ಮಗುವಿನ ಹಾಜರಾತಿಗೆ 4 ಶಿಲಿಂಗ್, ಓದು, ಬರಹ, ಲೆಕ್ಕದ ಪರೀಕ್ಷೆಯಲ್ಲಿ ಗೆದ್ದರೆ 8 ಶಿಲಿಂಗ್ ಎಂದು ಶಾಲೆಗಳ ಅನುದಾನ ನಿಗದಿಯಾಯಿತು. ಮಕ್ಕಳು ಪುಸ್ತಕವನ್ನು ಬಾಯಿಪಾಠ ಮಾಡಿದರು. ಪರೀಕ್ಷೆಗೆ ಬಾರದ ವಿಷಯಗಳು ಮೂಲೆಗೆ ಸರಿದವು. ಸ್ವತಃ ಶಾಲಾ ತನಿಖಾಧಿಕಾರಿಯಾಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡ್ ಇದನ್ನು ಕಟುವಾಗಿ ವಿರೋಧಿಸಿದ. ಶತಮಾನ ಮುಗಿಯುವಷ್ಟರಲ್ಲಿ ಆ ಕ್ರಮ ರದ್ದಾಯಿತು. ನಲಿ-ಕಲಿಯ ಮೆಟ್ಟಿಲಿಗೆ ಹಣದ ಗಂಟು ಬಿದ್ದಿಲ್ಲ. ಮಗು ಎಡವಿದರೆ ಯಾರಿಗೂ ನಷ್ಟವಿಲ್ಲ, ಮತ್ತೆ ಅಭ್ಯಾಸ ಮಾಡಿದರಾಯಿತು.

ದೋಷಗಳು ಆಚರಣೆಯಲ್ಲಿವೆ. ಶಿಕ್ಷಕರ ಪೂರ್ಣ ಬೆಂಬಲದ ಗುಂಪಿನಿಂದ ಸ್ವಯಂ ಕಲಿಕೆಯ ಗುಂಪಿನವರೆಗೆ ಮಕ್ಕಳು ‘ತಟ್ಟೆ’ ಎಂದು ಕರೆಯುವ ಐದು ಗುಂಪುಗಳಲ್ಲಿ ಹಂಚಿ ಕೂರುತ್ತಾರೆ. ಒಬ್ಬರೇ ಶಿಕ್ಷಕರಿದ್ದಲ್ಲಿ ಮೊದಲ ತಟ್ಟೆಯೇ ಅವರ ಸಮಯವನ್ನೆಲ್ಲ ತೆಗೆದುಕೊಂಡುಬಿಡುತ್ತದೆ. ಕಾರ್ಡುಗಳು ಹರಿಯುತ್ತವೆ, ಕಳೆಯುತ್ತವೆ. ಬಿಡುವಿಲ್ಲದ ಶಿಕ್ಷಕರು ಓದಿಸಿ ನೋಡದೆಯೇ, ಮಗು ಏರಿದ ಮೆಟ್ಟಿಲುಗಳನ್ನು ದಾಖಲಿಸುವ ‘ಪ್ರಗತಿನೋಟ’ದಲ್ಲಿ ಗುರುತು ಹಾಕಿದರೆ ಮೈಲಿಗಲ್ಲೂ ಹಾಜರಿಯಷ್ಟೇ ಪೊಳ್ಳಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಕೊರತೆ ನಾಲ್ಕನೇ ತರಗತಿಯ ಹೊಸ್ತಿಲಲ್ಲಿದೆ. ಏಣಿ ಮುಗಿಸಿದ ಮಗುವೂ ಅರ್ಧಕ್ಕೆ ನಿಂತ ಮಗುವೂ ಮೂರು ವರ್ಷ ತುಂಬಿದ ಕಾರಣಕ್ಕೆ ಒಟ್ಟಿಗೆ ದಾಟುತ್ತವೆ. ಅಲ್ಲಿ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪಾಠ. ಒತ್ತಕ್ಷರದಲ್ಲೇ ತೊಡರುತ್ತಿದ್ದ ಮಗುವಿಗೆ ಮೂರು ವರ್ಷ ದೊರೆತ ಸಹನೆ ಒಂದೇ ಬೇಸಿಗೆ ರಜೆಯಲ್ಲಿ ಇಲ್ಲವಾಗುತ್ತದೆ. ಪ್ರಗತಿನೋಟವು ಮಗುವಿನ ಜೊತೆ ನಾಲ್ಕನೇ ತರಗತಿಗೂ ಹೋಗಿ, ಅಲ್ಲಿನ ಶಿಕ್ಷಕರು ಆ ಗುರುತಿನಿಂದಲೇ ಪಾಠ ಆರಂಭಿಸುವ ಏರ್ಪಾಡು ಆಗಬೇಕು. ಹೊಸ ಕಾರ್ಡುಗಳ ಮುದ್ರಣಕ್ಕಿಂತ ಮೊದಲು ಆಗಬೇಕಾದ ತಿದ್ದುಪಡಿ ಇದು.