ಕೈಯಿಂದ ಕೈಗೆ ಒಂದು ಚೀಟಿ: ‘ನೈಟ್ ಆಫ್ ದ ಡೆಮನ್’ ಚಿತ್ರದ ಬಗ್ಗೆ

ಹೆದರಿಕೆಯ ಸಿನಿಮಾ ಎಂದರೆ ನಮ್ಮ ಸಾಹಿತ್ಯಾಸಕ್ತ ಬಳಗದಲ್ಲಿ ಅನೇಕರು ಮೂಗು ಮುರಿಯುತ್ತಾರೆ. ರಕ್ತ, ಕಿರುಚಾಟ, ಕರ್ಕಶ ಸಂಗೀತ, ಇನ್ನೇನಿದೆ ಅದರಲ್ಲಿ ಎಂಬ ಧಾಟಿ. ಆ ದೂರಿನಲ್ಲಿ ಹುರುಳಿಲ್ಲವೆಂದು ನಾವೂ ಹೇಳುವುದಿಲ್ಲ. ಆದರೆ ೧೯೫೭ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ‘ನೈಟ್ ಆಫ್ ದ ಡೆಮನ್’ ಎಂಬ ಕಪ್ಪು-ಬಿಳುಪು ಚಿತ್ರಕ್ಕೆ ಆ ಮಾತು ಸಲ್ಲದು. ಇದು ಮಾಟದ ಕತೆ, ನಿಜ. ಆದರೆ ಇಲ್ಲಿ ಮಾಟಕ್ಕೆ ಬೇಕಾಗಿರುವುದು ತಲೆಬುರುಡೆಯಲ್ಲ, ಕೋಳಿಯಲ್ಲ. ಪುರಾತನ ಅಕ್ಷರಗಳನ್ನು ಬರೆದ ಒಂದು ಸಣ್ಣ ಚೀಟಿ. ಅದನ್ನು ಎದುರಾಳಿ ತನ್ನ ಕೈಯಾರೆ ತೆಗೆದುಕೊಳ್ಳಬೇಕು. ತೆಗೆದುಕೊಂಡರೆ ಆಯಿತು, ಗೊತ್ತಾದ ದಿನ, ಗೊತ್ತಾದ ಗಂಟೆಗೆ ಸಾವು. ಉಳಿಯುವ ದಾರಿ ಒಂದೇ: ಕೊಟ್ಟವನಿಗೇ ಅದನ್ನು ಹಿಂದಿರುಗಿಸುವುದು. ಅವನೂ ಕೈಯಾರೆ ತೆಗೆದುಕೊಳ್ಳಬೇಕು!

ಈ ಉಪಾಯ ಎಂ. ಆರ್. ಜೇಮ್ಸ್ ಅವರದು. ಕೇಂಬ್ರಿಜ್‌ನಲ್ಲಿ ಹಳೆಯ ಹಸ್ತಪ್ರತಿಗಳ ಮಹಾ ಪಂಡಿತರಾಗಿದ್ದ ಇವರು ಬಿಡುವಿನಲ್ಲಿ ದೆವ್ವದ ಕತೆಗಳನ್ನು ಬರೆದರು. ೧೯೧೧ರಲ್ಲಿ ಪುಸ್ತಕರೂಪದಲ್ಲಿ ಬಂದ ‘ಕ್ಯಾಸ್ಟಿಂಗ್ ದ ರೂನ್ಸ್’ ಈ ಚಿತ್ರಕ್ಕೆ ಆಧಾರ. ಮೂಲ ಕತೆಯಲ್ಲಿ ಕಾರ್ಸ್‌ವೆಲ್ ಎಂಬ ಮಾಂತ್ರಿಕ ಬರೆದ ಪುಸ್ತಕವನ್ನು ವಿಮರ್ಶಕನೊಬ್ಬ ಹೀಗಳೆಯುತ್ತಾನೆ, ಅವನ ಪ್ರಾಣ ಹೋಗುತ್ತದೆ. ಮುಂದೆ ಅದೇ ಕಾರ್ಸ್‌ವೆಲ್‌ನ ಪ್ರಬಂಧವನ್ನು ತಿರಸ್ಕರಿಸಿದ ಇನ್ನೊಬ್ಬ ವಿದ್ವಾಂಸನ ಸರದಿ. ನಮ್ಮ ಬಳಗದಲ್ಲಿ ವಿಮರ್ಶೆ ಬರೆಯುವವರು ಇದನ್ನು ಗಮನಿಸತಕ್ಕದ್ದು!

ಚಿತ್ರದಲ್ಲಿ ಈ ವಿದ್ವಾಂಸ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಹೋಲ್ಡನ್ ಆಗುತ್ತಾನೆ (ನಟ ಡೇನಾ ಆಂಡ್ರ್ಯೂಸ್). ಕಾರ್ಸ್‌ವೆಲ್‌ನ ಪಂಥವನ್ನು ಬಯಲಿಗೆಳೆಯಲು ಹೊರಟಿದ್ದ ಪ್ರೊಫೆಸರ್ ಹ್ಯಾರಿಂಗ್ಟನ್ ಸತ್ತ ಹೊತ್ತಿಗೆ ಇವನು ಲಂಡನ್ನಿಗೆ ಬಂದಿಳಿಯುತ್ತಾನೆ. ಬ್ರಿಟಿಷ್ ಮ್ಯೂಸಿಯಮ್ಮಿನ ವಾಚನಾಲಯದಲ್ಲಿ ಇವನ ಕಾಗದಗಳು ಕೆಳಗೆ ಬೀಳುತ್ತವೆ. ಪಕ್ಕದಲ್ಲಿದ್ದ ಸಭ್ಯಸ್ಥರೊಬ್ಬರು ಎತ್ತಿ ಕೊಡುತ್ತಾರೆ. ಚೀಟಿ ಕೈಸೇರಿತು. ಇಷ್ಟು ಮರ್ಯಾದೆಯಿಂದ ಶಾಪ ಹಾಕುವ ದೃಶ್ಯವನ್ನು ನಾವು ಬೇರೆ ಯಾವ ಚಿತ್ರದಲ್ಲೂ ಕಂಡಿಲ್ಲ.

ನಿರ್ದೇಶಕ ಜಾಕ್ ಟೂರ್ನರ್ ಪ್ಯಾರಿಸ್ಸಿನಲ್ಲಿ ಹುಟ್ಟಿ ಹಾಲಿವುಡ್ಡಿನಲ್ಲಿ ಬೆಳೆದವರು. ನಿರ್ಮಾಪಕ ವ್ಯಾಲ್ ಲ್ಯೂಟನ್ ಜೊತೆ ಅವರು ಮಾಡಿದ ‘ಕ್ಯಾಟ್ ಪೀಪಲ್’ (೧೯೪೨), ‘ಐ ವಾಕ್ಡ್ ವಿತ್ ಎ ಜಾಂಬಿ’ (೧೯೪೩) ಚಿತ್ರಗಳಲ್ಲಿ ಭಯವೆಲ್ಲ ನೆರಳಿನಲ್ಲಿ, ಹೆಜ್ಜೆ ಸಪ್ಪಳದಲ್ಲಿ. ತೋರಿಸದೆ ಕಾಣಿಸುವುದು ಅವರ ವಿದ್ಯೆ. ಇಲ್ಲಿಯೂ ಅದೇ ವಿದ್ಯೆಯ ಒಳ್ಳೆಯ ಉದಾಹರಣೆಗಳಿವೆ. ಖಾಲಿ ಹೋಟೆಲಿನ ಉದ್ದ ಓಣಿ. ಮಾಂತ್ರಿಕನ ಬಂಗಲೆಯಲ್ಲಿ ಹೋಲ್ಡನ್ ಮೆಟ್ಟಿಲಿಳಿಯುವಾಗ ಕಂಬಿಯ ಮೇಲೆ ಸುಮ್ಮನೆ ಬಂದು ಕೂರುವ ಒಂದು ಕೈ. ಗಾಳಿಯಿಲ್ಲದೆ ಹಾರಿ, ಉರಿಯುವ ಬೆಂಕಿಗೂಡಿನ ಕಡೆಗೆ ತಾನಾಗಿ ಧಾವಿಸುವ ಆ ಚೀಟಿ. ಚೀಟಿ ಸುಟ್ಟುಹೋದರೆ ಹಿಂದಿರುಗಿಸುವ ದಾರಿಯೇ ಮುಚ್ಚಿತು. ಒಂದು ಕಾಗದದ ಚೂರಿಗೆ ಇಷ್ಟು ದುರುದ್ದೇಶ ತುಂಬಿದ ನಿರ್ದೇಶಕರಿಗೆ ನಮ್ಮ ನಮಸ್ಕಾರ.

ಕೊರತೆಗಳೂ ಇವೆ. ಚೀಟಿಯಲ್ಲಿರುವಂಥ ಅಕ್ಷರಗಳು ಸ್ಟೋನ್‌ಹೆಂಜಿನ ಬಂಡೆಗಳ ಮೇಲಿವೆ ಎನ್ನುವುದು ಶುದ್ಧ ಕಟ್ಟುಕತೆ. ಅಲ್ಲಿ ಅಂಥ ಶಾಸನ ಇಲ್ಲ. ಬೆಕ್ಕು ಚಿರತೆಯಾಗಿ ಮೈಮೇಲೆ ಬೀಳುವ ದೃಶ್ಯದಲ್ಲಿ ನಟ ಹೊಡೆದಾಡುತ್ತಿರುವುದು ಹತ್ತಿ ತುಂಬಿದ ಗೊಂಬೆಯೊಂದಿಗೆ ಎಂಬುದು ಮಕ್ಕಳಿಗೂ ತಿಳಿಯುತ್ತದೆ.

ಆದರೆ ಅರವತ್ತು ವರ್ಷಗಳಿಗೂ ಮೀರಿ ನಡೆದಿರುವ ಜಗಳ ಬೇರೆಯದು. ಚಿತ್ರ ಶುರುವಾದ ಕೆಲವೇ ನಿಮಿಷಗಳಲ್ಲಿ, ಹ್ಯಾರಿಂಗ್ಟನ್ ಸಾಯುವಾಗ, ಕೊಂಬು-ಕೋರೆಗಳ ಭೂತವನ್ನು ನಮಗೆ ನೇರವಾಗಿ ತೋರಿಸಿಬಿಡುತ್ತಾರೆ. ಇದು ನಿರ್ಮಾಪಕ ಹ್ಯಾಲ್ ಚೆಸ್ಟರ್ ಅವರ ಹಟ. ಟೂರ್ನರ್ ಅವರಿಗೂ ಚಿತ್ರಕತೆ ಬರೆದ ಚಾರ್ಲ್ಸ್ ಬೆನೆಟ್ ಅವರಿಗೂ ಇದು ಹಿಡಿಸಲಿಲ್ಲ. ವಿಮರ್ಶಕರಲ್ಲಿ ಹೆಚ್ಚಿನವರು ನಿರ್ದೇಶಕರ ಪಕ್ಷ. ಭೂತ ಇದೆಯೋ, ಹೋಲ್ಡನ್‌ನ ಭ್ರಮೆಯೋ ಎಂಬ ಅನುಮಾನ ಕೊನೆತನಕ ಉಳಿಯಬೇಕಿತ್ತು ಎನ್ನುತ್ತಾರೆ.

ನಮಗೂ ಮೊದಲು ಹಾಗೇ ಅನಿಸುತ್ತದೆ. ಆದರೆ ಇನ್ನೊಂದು ಮಾತೂ ಇದೆ. ಭೂತವನ್ನು ಮೊದಲೇ ನೋಡಿದ ಪ್ರೇಕ್ಷಕ ಹೋಲ್ಡನ್‌ಗಿಂತ ಹೆಚ್ಚು ತಿಳಿದವನಾಗುತ್ತಾನೆ. ಆಗ ಕುತೂಹಲ ‘ಇದೆಯೋ ಇಲ್ಲವೋ’ ಎಂಬುದರಲ್ಲಿ ಉಳಿಯುವುದಿಲ್ಲ. ‘ಈ ಮನುಷ್ಯನಿಗೆ ಯಾವಾಗ ಬುದ್ಧಿ ಬಂದೀತು’ ಎಂಬುದಕ್ಕೆ ಹೊರಳುತ್ತದೆ. ಕುಳಿತಲ್ಲೇ ಚಡಪಡಿಸುತ್ತೇವೆ. ಚಿತ್ರಕ್ಕೆ ವೇಗ ಬರುವುದು ಇದರಿಂದಲೇ. ನಷ್ಟವೆಂದರೆ, ವಿಚಾರವಾದಿಯನ್ನು ಚಿತ್ರ ಮೋಸದ ಆಟಕ್ಕೆ ಕೂರಿಸುತ್ತದೆ. ಪ್ರಶ್ನೆ ಕೇಳುವವನು ಮೂರ್ಖನೆಂದು ಮೊದಲೇ ತೀರ್ಮಾನವಾಗಿದೆ.

ನಮ್ಮಂಥವರಿಗೆ ಇದು ಬರೀ ಸಿನಿಮಾ ಚರ್ಚೆಯಲ್ಲ. ಬಾಣಾಮತಿಯ ಹೆಸರಿನಲ್ಲಿ ಅಮಾಯಕರು ಏಟು ತಿಂದ ನಾಡಿನಿಂದ ನಾವು ಬಂದವರು. ಮಾಟ ನಿಜವೆನ್ನುವ ಚಿತ್ರವನ್ನು ನಾವು ಸುಖಿಸಬಹುದೆ? ಈ ಚಿತ್ರದಲ್ಲಿ ಕುಮಾರ್ ಎಂಬ ಭಾರತೀಯ ವಿದ್ವಾಂಸನ ಪುಟ್ಟ ಪಾತ್ರವಿದೆ. ಭೂತಗಳ ಬಗ್ಗೆ ಕೇಳಿದರೆ ತಾನು ಪೂರ್ತಿ ನಂಬುತ್ತೇನೆಂದು ಅವನು ನಿಸ್ಸಂಕೋಚವಾಗಿ ಹೇಳುತ್ತಾನೆ. ನಂಬದವನು ಅಮೆರಿಕದಿಂದ, ನಂಬುವವನು ಭಾರತದಿಂದ! ವಾಸ್ತವದಲ್ಲಿ, ಅಮೆರಿಕದ ಒಹಾಯೊದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು ಊರಿಗೆ ಮರಳಿದ ಎಚ್. ನರಸಿಂಹಯ್ಯನವರು ೧೯೭೬ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿ ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನೇ ರಚಿಸಿದರು. ‘ತೆರೆದ ಮನ’ ಎಂಬುದು ಅವರ ಪುಸ್ತಕವೊಂದರ ಹೆಸರು. ಹೋಲ್ಡನ್‌ಗೆ ಇಲ್ಲದ್ದು ಅದೇ. ಅವನು ತೀರ್ಪನ್ನು ಜೇಬಿನಲ್ಲಿಟ್ಟುಕೊಂಡೇ ವಿಮಾನ ಹತ್ತಿದವನು. ಚಿತ್ರ ಸೋಲಿಸುವುದು ವಿಚಾರವನ್ನಲ್ಲ, ಜಂಬವನ್ನು ಎಂದು ನಾವು ಓದಿಕೊಂಡರೆ ತಪ್ಪಾಗಲಾರದು.

ಹಾಗೆ ಓದಲು ಬಲವಾದ ಆಧಾರ ಕಾರ್ಸ್‌ವೆಲ್‌ನ ಪಾತ್ರವೇ. ನಯಲ್ ಮೆಗಿನಿಸ್ ಎಂಬ ಐರಿಷ್ ನಟ ಇದನ್ನು ಅದ್ಭುತವಾಗಿ ಮಾಡಿದ್ದಾರೆ. ಸಣ್ಣ ಗಡ್ಡ, ಮೃದು ಮಾತು, ವಯಸ್ಸಾದ ತಾಯಿಯೊಂದಿಗೆ ದೊಡ್ಡ ಬಂಗಲೆಯಲ್ಲಿ ವಾಸ. ಹೋಲ್ಡನ್ ಅವನನ್ನು ಹುಡುಕಿಕೊಂಡು ಹೋದಾಗ ಅವನು ವಿದೂಷಕನ ವೇಷ ಹಾಕಿ ಹಳ್ಳಿಯ ಮಕ್ಕಳಿಗೆ ಜಾದೂ ತೋರಿಸುತ್ತಿರುತ್ತಾನೆ. ಪಕ್ಕದಲ್ಲಿ ಮಕ್ಕಳು ಹಾವು-ಏಣಿ ಆಡುತ್ತಿದ್ದಾರೆ. ತನಗೆ ಏಣಿ ಹತ್ತುವುದಕ್ಕಿಂತ ಹಾವಿನ ಮೇಲೆ ಜಾರುವುದೇ ಇಷ್ಟವಾಗಿತ್ತು ಎನ್ನುತ್ತಾನೆ. ಈ ಆಟ ನಮ್ಮ ದೇಶದಿಂದ ಹೋದದ್ದು. ನಮ್ಮಲ್ಲಿ ಅದು ಪರಮಪದ ಸೋಪಾನ, ಪಾಪ-ಪುಣ್ಯಗಳ ಪಟ. ಆ ಅರ್ಥ ಬಲ್ಲವರಿಗೆ ಕಾರ್ಸ್‌ವೆಲ್‌ನ ತಮಾಷೆ ಹೆಚ್ಚು ಕೊರೆಯುತ್ತದೆ.

ಇದೇ ಕಾರ್ಸ್‌ವೆಲ್ ತಾಯಿಯ ಮುಂದೆ ಬಾಯಿ ಬಿಡುತ್ತಾನೆ. ಈ ಮನೆ, ಈ ವೈಭವ ಎಲ್ಲ ಬಂದದ್ದು ಇತರರ ಭಯದಿಂದ. ತಾನೂ ಭಯದಲ್ಲೇ ಬದುಕುತ್ತಿದ್ದೇನೆ. ಶುರು ಮಾಡಿದ್ದನ್ನು ನಿಲ್ಲಿಸಿದರೆ ಹೋಗುವುದು ತನ್ನ ಪ್ರಾಣ. ಚಿತ್ರದ ತಿರುಳು ಈ ಮಾತಿನಲ್ಲಿದೆ. ದೇವರ ಹೆಸರಿನ ಅಂಚೆಕಾರ್ಡನ್ನು ಇಷ್ಟು ಜನಕ್ಕೆ ಬರೆದು ಕಳಿಸದಿದ್ದರೆ ಕೇಡು ಎಂಬ ಬೆದರಿಕೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಆಮೇಲೆ ಅದು ಇಮೇಲ್ ಆಯಿತು, ಈಗ ವಾಟ್ಸ್‌ಆಪ್. ಕಳಿಸುವವನು ದುಷ್ಟನಲ್ಲ, ಹೆದರಿದವನು. ತನ್ನ ಹೆದರಿಕೆಯನ್ನು ಇನ್ನೊಬ್ಬನ ಜೇಬಿಗೆ ದಾಟಿಸಿ ನೆಮ್ಮದಿ ಪಡೆಯುತ್ತಾನೆ. ಭೂತವನ್ನು ನಂಬದವರೂ ಈ ಮಟ್ಟದಲ್ಲಿ ಚಿತ್ರವನ್ನು ನಂಬಬಹುದು.

ಕೊನೆಯ ಭಾಗ ರೈಲಿನಲ್ಲಿ. ರಾತ್ರಿ ಹತ್ತಕ್ಕೆ ಕೆಲವೇ ನಿಮಿಷ. ಹೋಲ್ಡನ್ ಏನು ಕೊಟ್ಟರೂ ಕಾರ್ಸ್‌ವೆಲ್ ಮುಟ್ಟುವುದಿಲ್ಲ. ಕೊನೆಗೆ ತನ್ನದೇ ಕೋಟನ್ನು ತೆಗೆದುಕೊಳ್ಳುತ್ತಾನೆ, ಅದರಲ್ಲಿ ಚೀಟಿ. ಹಳಿಗಳ ಮೇಲೆ ಹಾರುವ ಕಾಗದದ ಹಿಂದೆ ಆ ಗಂಭೀರ ಮನುಷ್ಯ ಓಡುವುದನ್ನು ನೋಡಿದರೆ ಭಯಕ್ಕಿಂತ ಕನಿಕರ ಹೆಚ್ಚು. ಜನ ರೈಲು ಅಪಘಾತವೆಂದುಕೊಳ್ಳುತ್ತಾರೆ. ಹೋಲ್ಡನ್ ಹೋಗಿ ನೋಡುವುದಿಲ್ಲ. ತಿಳಿಯದಿರುವುದೇ ಲೇಸೇನೋ ಎಂಬಂಥ ಮಾತಿನೊಂದಿಗೆ ಚಿತ್ರ ಮುಗಿಯುತ್ತದೆ. ಈ ಮಾತನ್ನು ಮಾತ್ರ ನಾವು ಒಪ್ಪುವುದಿಲ್ಲ. ನರಸಿಂಹಯ್ಯನವರಾಗಿದ್ದರೆ ಟಾರ್ಚು ಹಿಡಿದು ಹಳಿಯ ಹತ್ತಿರ ಹೋಗುತ್ತಿದ್ದರು.

ಅಮೆರಿಕದಲ್ಲಿರುವ ಓದುಗರಿಗೆ ಒಂದು ಸೂಚನೆ. ಇಲ್ಲಿ ಇದು ‘ಕರ್ಸ್ ಆಫ್ ದ ಡೆಮನ್’ ಎಂಬ ಹೆಸರಿನಲ್ಲಿ, ಹನ್ನೆರಡು-ಹದಿಮೂರು ನಿಮಿಷ ಕತ್ತರಿಸಿದ ರೂಪದಲ್ಲಿ ಬಿಡುಗಡೆಯಾಗಿತ್ತು. ತಾಯಿ-ಮಗನ ಮಾತುಕತೆಗೂ ಕತ್ತರಿ ಬಿದ್ದಿತ್ತು. ಎಂದರೆ ಭೂತವನ್ನು ಉಳಿಸಿಕೊಂಡು ಭಯದ ಕಾರಣವನ್ನು ತೆಗೆದುಹಾಕಿದ್ದರು. ಆದ್ದರಿಂದ ಪೂರ್ಣಾವಧಿಯ ಬ್ರಿಟಿಷ್ ಪ್ರತಿಯನ್ನೇ ಹುಡುಕಿ ನೋಡಿ. ನೋಡಿ ಮುಗಿದ ಮೇಲೆ ಭೂತವನ್ನು ತೋರಿಸಬೇಕಿತ್ತೋ ಬೇಡವಿತ್ತೋ ನಮಗೆ ಬರೆದು ತಿಳಿಸಿ. ಪತ್ರವನ್ನು ಧೈರ್ಯವಾಗಿ ತೆಗೆದುಕೊಳ್ಳುತ್ತೇವೆ.