‘ಪರಿಶುದ್ಧ’ ಎಂಬ ಮಾತು

ಒಂದು ಧರ್ಮಗ್ರಂಥ ಇನ್ನೊಂದು ಭಾಷೆಗೆ ಬರುವಾಗ ಅದರ ಕತೆಗಳು ಸುಲಭವಾಗಿ ದಾಟಿಬಿಡುತ್ತವೆ. ತೊಡಕಾಗುವುದು ಒಂದೆರಡು ಶಬ್ದಗಳಲ್ಲಿ. ಕ್ರೈಸ್ತರ ಸತ್ಯವೇದವನ್ನು ನಾನು ಓದುವುದು ಒಂದು ಕನ್ನಡ ಗದ್ಯಗ್ರಂಥವೆಂದು. ಹಾಗೆ ಓದುವಾಗ ನನ್ನನ್ನು ಮತ್ತೆ ಮತ್ತೆ ತಡೆದು ನಿಲ್ಲಿಸುವ ಶಬ್ದ ‘ಪರಿಶುದ್ಧ’. ದೇವರು ಪರಿಶುದ್ಧನಾದ್ದರಿಂದ ಅವನ ಜನರೂ ಹಾಗೆಯೇ ಇರಬೇಕೆಂಬುದು ಯಾಜಕಕಾಂಡದ 19ನೆಯ ಅಧ್ಯಾಯದ ಮೊದಲ ಮಾತು. ಈ ಮಾತು ನಮ್ಮ ಕಡೆಯ ಕಿವಿಗೆ ಹೇಗೆ ಕೇಳಿಸುತ್ತದೆ? ನಾನು ಕೇಳಬೇಕೆಂದಿರುವ ಪ್ರಶ್ನೆ ಇಷ್ಟೆ.

ಈ ಕನ್ನಡ ಹುಟ್ಟಿದ್ದು ನಮ್ಮ ನೆರೆಯಲ್ಲಿಯೇ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ಅವರ ಸಹೋದ್ಯೋಗಿ ವಿಲಿಯಂ ರೀವ್ ಮೊದಲಾದವರು ದುಡಿದು, 1831ರ ಹೊತ್ತಿಗೆ ಇಡೀ ಬೈಬಲ್ಲನ್ನು ಕನ್ನಡಕ್ಕೆ ತಂದರು. ಆಮೇಲೆ ಪರಿಷ್ಕರಣಗಳೂ ನಡೆದುವು. 1841ರಲ್ಲಿ ಬಾಸೆಲ್ ಮಿಷನ್ನಿನವರು ಗದಗದ ಬೆಟಗೇರಿಯಲ್ಲಿ ನೆಲೆಯೂರಿದರು. ಬಳ್ಳಾರಿಗೂ ಬೆಟಗೇರಿಗೂ ನಡುವೆ ಇರುವ ಸೀಮೆ ನಮ್ಮ ಕೊಪ್ಪಳ. ಆ ಅನುವಾದಕರಿಗೆ ಗೌರವವುಳ್ಳ ಶಬ್ದ ಬೇಕಾಗಿತ್ತು. ಸಂಸ್ಕೃತ ಅದನ್ನು ಒದಗಿಸಿತು. ‘ಪರಿಶುದ್ಧ’ವೂ ‘ಪವಿತ್ರ’ವೂ ಸತ್ಯವೇದದಲ್ಲಿ ನೆಲೆಗೊಂಡವು. ಅವರ ಶ್ರಮವನ್ನು ಹಗುರವಾಗಿ ನೋಡುವ ಮಾತು ಇದಲ್ಲ.

ಆದರೆ ಶುದ್ಧವೆಂದೊಡನೆ ನಮ್ಮಲ್ಲಿ ಮಡಿ ನೆನಪಾಗುತ್ತದೆ. ಮಡಿಯ ಹಿಂದೆಯೇ ಮೈಲಿಗೆ ಬರುತ್ತದೆ. ಇದು ಹಳೆಯ ಕಾಲದ ಮಾತೆಂದು ವಾಚಕರು ತಳ್ಳಿಹಾಕುವಂತಿಲ್ಲ. 2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ದಲಿತ ಕುಟುಂಬದ ಪುಟ್ಟ ಮಗುವೊಂದು ಗುಡಿಯೊಳಗೆ ಹೋಯಿತು. ಗುಡಿಯ ಶುದ್ಧಿಗಾಗಿ 25,000 ರೂಪಾಯಿ ಕೊಡಬೇಕೆಂದು ಊರಿನ ಕೆಲವರು ಆ ಕುಟುಂಬವನ್ನು ಕೇಳಿದರು. ಸುದ್ದಿ ಹೊರಬಿದ್ದ ಮೇಲೆ ಮೊಕದ್ದಮೆ ದಾಖಲಾಯಿತು, ಕೆಲವರ ಬಂಧನವೂ ಆಯಿತು. ಶುದ್ಧಿ ಎಂಬ ಮಾತು ಇಂಥ ಕೆಲಸಕ್ಕೆ ಬಳಕೆಯಾಗುವ ನೆಲದಲ್ಲಿ, ಅದೇ ಮಾತಿನಿಂದ ಹುಟ್ಟಿದ ‘ಪರಿಶುದ್ಧ’ವನ್ನು ಕೇಳಿದವನು ಏನೆಂದು ತಿಳಿಯಬೇಕು? ದೇವರ ಜನರೆಂದರೆ ಇತರರಿಂದ ಮೈ ಸರಿಸಿಕೊಂಡು ನಡೆಯುವವರು ಎಂದೇ?

ಮೂಲದ ಹೀಬ್ರೂ ಶಬ್ದ ‘ಕಾದೋಶ್’. ದೇವರಿಗೆಂದು ಬೇರೆಯಾಗಿ ಇರಿಸಿದ್ದು ಎಂಬುದು ಅದರ ಅರ್ಥವೆಂದು ಪಂಡಿತರು ಸಾಮಾನ್ಯವಾಗಿ ಹೇಳುತ್ತಾರೆ. ಇದಕ್ಕೆ ನಮ್ಮ ಅಡಿಗೆಮನೆಯಲ್ಲಿಯೇ ಒಂದು ಅಚ್ಚಕನ್ನಡದ ಮಾತಿದೆ: ಮೀಸಲು. ದೇವರಿಗೆ ಮೀಸಲು ತೆಗೆದಿಟ್ಟ ಹಾಲು ಮಿಕ್ಕ ಹಾಲಿಗಿಂತ ಹೆಚ್ಚು ಶುಭ್ರವೇನೂ ಆಗಿರುವುದಿಲ್ಲ. ಅದು ಯಾರದೆಂಬುದಷ್ಟೇ ಗೊತ್ತಾಗಿರುತ್ತದೆ. ಮೀಸಲನ್ನೂ ಮುಟ್ಟಬಾರದೆಂಬ ಕಟ್ಟಳೆ ಉಂಟು, ನಿಜ. ಆದರೂ ಅದರ ಒತ್ತು ಒಡೆತನದ ಮೇಲೆ. ಕೊಳೆಯ ಭಯದ ಮೇಲಲ್ಲ.

ಈ ಅರ್ಥವನ್ನು ಹಿಡಿದು 19ನೆಯ ಅಧ್ಯಾಯವನ್ನು ಮುಂದಕ್ಕೆ ಓದಿದರೆ ಅದು ನಮ್ಮ ತಾಲ್ಲೂಕುಗಳ ಲೆಕ್ಕಪುಸ್ತಕದಂತೆ ಕಾಣತೊಡಗುತ್ತದೆ. ಹೊಲದ ಅಂಚಿನ ಪೈರನ್ನು ಪೂರ್ತಿ ಕೊಯ್ಯಕೂಡದು; ಹಕ್ಕಲನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು. ಕೂಲಿಯವನ ಕೂಲಿ ಬೆಳಗಿನ ತನಕ ಧಣಿಯಲ್ಲಿ ಉಳಿಯಕೂಡದು. ಕುರುಡನ ದಾರಿಯಲ್ಲಿ ಎಡವುಗಲ್ಲು ಇಡಕೂಡದು. ತಕ್ಕಡಿ, ತೂಕದ ಕಲ್ಲು, ಅಳತೆಯ ಕೊಳಗ ಸರಿಯಾಗಿರಬೇಕು. ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಹೆಸರಾದ ಕಟ್ಟಳೆಯೂ ಇದೇ ಅಧ್ಯಾಯದ್ದು. ತುಂಗಭದ್ರೆಯ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಗಂಗಾವತಿಗೆ ಹಕ್ಕಲಿನ ಮಾತೂ ತೂಕದ ಮಾತೂ ತಿಳಿಯದ್ದಲ್ಲ. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾಗಳಿಂದ ಗುಳೆ ಹೋಗುವ ಸಂಸಾರಗಳಿಗೆ ಸಂಜೆಯ ಬಟವಾಡೆ ಎಂದರೇನೆಂದು ವಿವರಿಸಬೇಕಾಗಿಲ್ಲ. ಆ ಹೊಲದ ಅಂಚು ಬಡವನ ಮೀಸಲು. ಸಂಜೆಯ ಕೂಲಿ ಕೂಲಿಕಾರನ ಮೀಸಲು. ದೇವರ ಮೀಸಲಾಗುವುದೆಂದರೆ ಇವನ್ನು ಮುಟ್ಟದಿರುವುದು.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಬರಬೇಕಾದದ್ದೇ. ತಿನ್ನಬಾರದ ಪ್ರಾಣಿಗಳ ಪಟ್ಟಿ, ತೊನ್ನು ಕುಷ್ಠಗಳ ಪರೀಕ್ಷೆ, ಅಂಗವಿಕಲನಾದ ಯಾಜಕ ವೇದಿಯ ಬಳಿ ಬರಬಾರದೆಂಬ ನಿಷೇಧ, ಇವೆಲ್ಲ ಇರುವುದೂ ಯಾಜಕಕಾಂಡದಲ್ಲಿಯೇ. ಅಲ್ಲಿಯೂ ಮಡಿಯಿದೆ. ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಒಂದೇ ಗ್ರಂಥದಲ್ಲಿ ಎರಡು ದಾರಿಗಳಿವೆ. ಕ್ರೈಸ್ತಧರ್ಮದ ಹೊಸತನವಿರುವುದು ಅವುಗಳಲ್ಲಿ ಒಂದನ್ನು ಆಯ್ದುಕೊಂಡದ್ದರಲ್ಲಿ. ಮಾರ್ಕನ ಸುವಾರ್ತೆಯಲ್ಲಿ ಯೇಸು ಕುಷ್ಠರೋಗಿಯನ್ನು ಕೈಚಾಚಿ ಮುಟ್ಟುತ್ತಾನೆ. ಮಡಿಯ ನಿಯಮದಂತೆ ಮುಟ್ಟಿದವನಿಗೆ ಮೈಲಿಗೆ ತಗಲಬೇಕು. ಅಲ್ಲಿ ರೋಗಿಗೆ ಆರೋಗ್ಯ ತಗಲುತ್ತದೆ. ಹೊರಗಿನಿಂದ ಒಳಹೊಕ್ಕದ್ದು ಮನುಷ್ಯನನ್ನು ಕೆಡಿಸುವುದಿಲ್ಲ, ಹೃದಯದಿಂದ ಹೊರಬಂದದ್ದು ಕೆಡಿಸುತ್ತದೆ ಎಂಬ ಬೋಧೆಯೂ ಅದೇ ಪುಸ್ತಕದಲ್ಲಿದೆ.

ಕೊಪ್ಪಳಕ್ಕೆ ಪಾವನತೆಯ ವಿಚಾರ ಹೊಸತಲ್ಲ. ಕೊಪಣವೆಂಬ ಹೆಸರಿನಿಂದ ಇದು ಜೈನರ ಮಹಾತೀರ್ಥವಾಗಿತ್ತು; ಇಲ್ಲಿ ಸಲ್ಲೇಖನ ಕೈಕೊಂಡವರುಂಟು. ಅದು ಬಿಟ್ಟುಹೋಗುವವರ ಪಾವನತೆ; ಅದರ ಘನತೆ ಬೇರೆ. ಅದಕ್ಕಿಂತಲೂ ಹಿಂದೆ, ಗವಿಮಠದ ಬೆಟ್ಟದ ಬಂಡೆಯಲ್ಲಿ ಅಶೋಕನು ಬರೆಯಿಸಿದ ಶಾಸನ, ಮೇಲಿನ ಗತಿ ದೊಡ್ಡವರಿಗಷ್ಟೇ ಸಿಗುವುದಲ್ಲ, ಯತ್ನಿಸಿದರೆ ಸಣ್ಣವನಿಗೂ ಸಿಗುತ್ತದೆ ಎಂಬ ಅಭಿಪ್ರಾಯವನ್ನು ಸಾರುತ್ತದೆ. ಯಾಜಕಕಾಂಡದ ಹೊಲದ ಅಂಚು ಈ ಬಂಡೆಗೆ ದೂರವೇನೂ ಅಲ್ಲ.

ಕ್ರೈಸ್ತರು ತಮ್ಮ ಶಬ್ದವನ್ನು ತಾವೇ ಸರಿಯಾಗಿ ಓದಿದ್ದಾರೆಯೆ? ಎಲ್ಲ ಕಾಲದಲ್ಲಿಯೂ ಇಲ್ಲ. ಚರ್ಚಿನೊಳಗೆ ಜಾತಿಭೇದ ಬಿಡಬೇಕೆಂದು ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ದಕ್ಷಿಣದ ಸಭೆಗಳಿಗೆ ಆಜ್ಞೆ ಕಳುಹಿಸಬೇಕಾಯಿತು. ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಬಟ್ಟಲಿನಿಂದ ಕುಡಿಯಲು ಒಪ್ಪದವರೂ ತಮ್ಮನ್ನು ಪರಿಶುದ್ಧರೆಂದೇ ಎಣಿಸಿಕೊಂಡಿದ್ದರು. ಶಬ್ದದ ತಪ್ಪು ಓದು ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನೂರಾರು ವರ್ಷಗಳಿಂದ ಪ್ರಾರ್ಥನೆಯಲ್ಲಿ ಬೆರೆತ ಶಬ್ದವನ್ನು ಕಿತ್ತುಹಾಕಿರೆಂದು ನಾನು ಹೇಳುತ್ತಿಲ್ಲ. ಪರಿಹಾರ ಕನ್ನಡ ಸತ್ಯವೇದದಲ್ಲಿಯೇ ಇದೆ. ಪೌಲನು ತನ್ನ ಪತ್ರಗಳಲ್ಲಿ ಸಾಮಾನ್ಯ ಭಕ್ತರನ್ನು ಇದೇ ಅರ್ಥದ ಗ್ರೀಕ್ ಶಬ್ದದಿಂದ ಕರೆಯುವ ಕಡೆ, ಕನ್ನಡ ಅನುವಾದ ‘ದೇವಜನರು’ ಎಂದು ಬರೆಯುತ್ತದೆ. ಎಷ್ಟು ಸರಳವಾದ, ಎಷ್ಟು ಸರಿಯಾದ ಮಾತು! ದೇವರಿಗೆ ಸೇರಿದ ಜನ, ಅಷ್ಟೆ. ‘ಪರಿಶುದ್ಧ’ ಎಂಬಲ್ಲಿಯೂ ಈ ಅರ್ಥವನ್ನೇ ಇಟ್ಟುಕೊಂಡು ಓದೋಣ. ಆಗ ಒಬ್ಬನ ಪರಿಶುದ್ಧತೆಯನ್ನು ತಿಳಿಯಲು ಅವನು ಯಾರನ್ನು ಮುಟ್ಟಲಿಲ್ಲವೆಂದು ವಿಚಾರಿಸುವ ಕೆಲಸವಿರುವುದಿಲ್ಲ. ಅವನ ತಕ್ಕಡಿಯನ್ನು ನೋಡಿದರೆ ಸಾಕು.